ಗೊಳಗೊಳ, ಗುಂಯ್, ಟಪ್, ಟಕ್

ನಮ್ಮ ಮನೆಯ ಹಾಲ್‌ನಲ್ಲಿ 300 ಲೀಟರ್ ಸಮುದ್ರವಿದೆ. ಬನಶಂಕರಿಯ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿ, ಟೀವಿಗೂ ದೇವರ ಗೂಡಿಗೂ ನಡುವಿನ ಜಾಗದಲ್ಲಿ ಅದು ನಿಂತಿದೆ. ಅಸಲಿ ಸಮುದ್ರ ನೋಡಬೇಕೆಂದರೆ ಇಲ್ಲಿಂದ ಮಂಗಳೂರಿಗೋ ಚೆನ್ನೈಗೋ ರಾತ್ರಿ ಬಸ್ಸು ಹತ್ತಬೇಕು. ಈ ಸಮುದ್ರಕ್ಕೆ ಆ ತೊಂದರೆಯಿಲ್ಲ. ರಾತ್ರಿಯಾದರೆ ಅದೇ ನಮ್ಮ ಹಾಸಿಗೆಯವರೆಗೆ ಬರುತ್ತದೆ.

2020ರ ಲಾಕ್‌ಡೌನಿನಲ್ಲಿ ಅಕ್ಕಪಕ್ಕದ ಮನೆಯ ಹುಡುಗರು ಕೇಕು ಮಾಡಲು ಕಲಿತರೆ ನನ್ನ ಮಗ ಸಮುದ್ರ ಮಾಡಲು ಕಲಿತ. ಆರ್‌ಓ ನೀರು ಹಿಡಿದಿಟ್ಟು, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ, ಅದಕ್ಕೆಂದೇ ಸಿಗುವ ಉಪ್ಪನ್ನು ಕದಡಿದ. ಒಟ್ಟು ಹತ್ತೂವರೆ ಕಿಲೋ. “ಇಷ್ಟು ಉಪ್ಪಲ್ಲಿ ಮೊಮ್ಮಕ್ಕಳ ಕಾಲಕ್ಕೂ ಆಗೋವಷ್ಟು ಮಾವಿನಮಿಡಿ ಹಾಕಬಹುದಿತ್ತು” ಎಂದಳು ನನ್ನ ಹೆಂಡತಿ. ನಮ್ಮ ದೇಶದಲ್ಲಿ ಹವಳಕ್ಕೆ ಹುಲಿಗಿರುವಷ್ಟೇ ಕಾನೂನಿನ ರಕ್ಷಣೆಯಿದೆ, ಹಾಗಾಗಿ ಹವಳವಿಲ್ಲ. ಒಂದಷ್ಟು ಒಣಕಲ್ಲು, ಮರಳು, ಕಿತ್ತಳೆ ಬಣ್ಣದ ಮೇಲೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು, ಹಳದಿ ಬಣ್ಣದ ಒಂದು ಗೋಬಿ. ಗೋಬಿ ಎಂದರೆ ಮಂಚೂರಿ ಎಂದು ತಿಳಿದಿದ್ದವನು ನಾನು. ಅದೂ ಒಂದು ಮೀನು ಎಂದು ಗೊತ್ತಾದದ್ದು ನಿವೃತ್ತಿಯಾದ ಮೇಲೆ.

ಆಮೇಲೆ ಮಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಬಟ್ಟೆ, ಲ್ಯಾಪ್‌ಟಾಪು, ಗಿಟಾರು ಹೋದವು. ಸಮುದ್ರ ಉಳಿಯಿತು. “ಏನಿಲ್ಲಪ್ಪಾ, ನೀರು ಎಷ್ಟು ಆವಿಯಾಗತ್ತೋ ಅಷ್ಟು ಸಿಹಿನೀರು ಹಾಕು, ದಿನಾ ಎರಡು ಚಿಟಿಕೆ ಊಟ ಹಾಕು, ಅಷ್ಟೇ” ಎಂದು ಹೇಳಿ ಹೋದ. ಉಪ್ಪುನೀರಿಗೆ ಸಿಹಿನೀರು ಯಾಕೆ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ನೀರು ಮಾತ್ರ ಹಾರಿಹೋಗುತ್ತದೆ, ಉಪ್ಪು ಅಲ್ಲೇ ಕೂತಿರುತ್ತದೆ. ಬಡ್ಡಿ ಕರಗಿದರೂ ಅಸಲು ಕರಗದ ಲೆಕ್ಕವನ್ನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಬರೆದವನಿಗೆ ಇದು ಹೊಳೆಯಬೇಕಿತ್ತು.

ಯಂತ್ರವ್ಯವಸ್ಥೆ ಬೆಂಗಳೂರಿನವರಿಗೆ ಬೇಗ ಅರ್ಥವಾಗುವಂಥದ್ದು. ಮೀನಿರುವ ತೊಟ್ಟಿಯೇ ಓವರ್‌ಹೆಡ್ ಟ್ಯಾಂಕು. ಕೆಳಗೆ ಪ್ಲೈವುಡ್ ಕಪಾಟಿನೊಳಗೆ ಇನ್ನೊಂದು ಚಿಕ್ಕ ತೊಟ್ಟಿಯಿದೆ, ಅದರ ಹೆಸರೂ ಸಂಪೇ. ಮೇಲೆ ತುಂಬಿ ತುಳುಕಿದ ನೀರು ಪೈಪಿನಲ್ಲಿ ಸಂಪಿಗೆ ಇಳಿಯುತ್ತದೆ, ಅಲ್ಲಿ ಕೊಳೆ ಕಳೆದುಕೊಳ್ಳುತ್ತದೆ, ಮೋಟಾರು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ವ್ಯತ್ಯಾಸ ಒಂದೇ. ಮನೆಯ ಮೋಟಾರನ್ನು ಅರ್ಧ ಗಂಟೆಗೆ ಆಫ್ ಮಾಡದಿದ್ದರೆ ಕೆಳಗಿನಿಂದ ವಾಚ್‌ಮನ್ ಕೂಗುತ್ತಾನೆ. ಇದನ್ನು ಹಗಲೂ ರಾತ್ರಿ ಆಫ್ ಮಾಡುವಂತಿಲ್ಲ.

ಹಗಲು ಇದರ ಬಾಯಿ ಕೇಳಿಸುವುದಿಲ್ಲ. ಹಗಲು ಬೆಂಗಳೂರೇ ಮಾತಾಡುತ್ತಿರುತ್ತದೆ. ರಾತ್ರಿ ಹತ್ತು ದಾಟಿ, ಬಸ್ಸುಗಳು ಡಿಪೋ ಸೇರಿ, ಮೇಲಿನ ಮನೆಯವರು ಕುರ್ಚಿ ಎಳೆಯುವುದು ನಿಲ್ಲಿಸಿದರೆಂದರೆ ನಮ್ಮ ಸಮುದ್ರಕ್ಕೆ ಸರದಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು ಗಂಟೆ, ವಸತಿ ಪ್ರದೇಶಕ್ಕೆ ಮಿತಿ 45 ಡೆಸಿಬೆಲ್. ವಿಶ್ವ ಆರೋಗ್ಯ ಸಂಸ್ಥೆ ಮಲಗುವ ಕೋಣೆಗೆ ಹೇಳಿದ್ದು 30. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ದಿಂಬಿನ ಮೇಲಿಟ್ಟೆ. 41 ತೋರಿಸಿತು. ಬೀದಿಯ ಕಾನೂನಿನಲ್ಲಿ ನಮ್ಮ ಸಮುದ್ರ ನಿರಪರಾಧಿ. ನಿದ್ದೆಯ ಕಾನೂನಿನಲ್ಲಿ ಅದಕ್ಕೆ ಜಾಮೀನೂ ಇಲ್ಲ.

“ರೀ, ರಾತ್ರಿ ಆಫ್ ಮಾಡಿಬಿಡಿ. ಮೀನೂ ಮಲಗಲಿ ಪಾಪ” ಎಂದಳು ಹೆಂಡತಿ. ನನಗೂ ಅದೇ ಬೇಕಿತ್ತು. ಒಂದು ರಾತ್ರಿ ಸ್ವಿಚ್ ತೆಗೆದು ಗಡದ್ದಾಗಿ ಮಲಗಿದೆವು. ಬೆಳಗ್ಗೆ ಎದ್ದು ನೋಡಿದರೆ ಕ್ಲೌನ್ ಮೀನುಗಳೆರಡೂ ನೀರಿನ ಮೇಲ್ಗಡೆಗೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಪುಣೆಗೆ ಫೋನು ಹೋಯಿತು. ನೀರು ಅಲುಗಾಡುತ್ತಿದ್ದರೆ ಮಾತ್ರ ಗಾಳಿಯ ಆಮ್ಲಜನಕ ಅದರೊಳಗೆ ಸೇರುತ್ತದಂತೆ. ಬೆಚ್ಚಗಿನ ಉಪ್ಪುನೀರು ಸಿಹಿನೀರಿನಷ್ಟು ಆಮ್ಲಜನಕ ಹಿಡಿದಿಟ್ಟುಕೊಳ್ಳುವುದೂ ಇಲ್ಲ. ರಾತ್ರಿಯಂತೂ ಕಲ್ಲಿನ ಮೇಲಿನ ಪಾಚಿ ಆಮ್ಲಜನಕ ಕೊಡುವ ಬದಲು ತಾನೇ ಕುಡಿಯುತ್ತದೆ, ಕಲ್ಲಿನೊಳಗೆ ಕೂತು ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೂ ಅದೇ ಬೇಕು. “ಅಪ್ಪಾ, ಹಗಲು ಬೇಕಾದ್ರೆ ಸ್ವಲ್ಪ ಹೊತ್ತು ನಿಲ್ಸು, ರಾತ್ರಿ ಮಾತ್ರ ಮುಟ್ಟಬೇಡ” ಎಂದ. ನಮಗೆ ಬೇಕಾದದ್ದು ಸರಿಯಾಗಿ ಉಲ್ಟಾ.

“ಎಂಥ ಸದ್ದು ಬರತ್ತೆ ಹೇಳು, ಹೇಗೆ ನಿಲ್ಸೋದು ಅಂತ ನಾನು ಹೇಳ್ತೀನಿ” ಎಂದೂ ಅಂದ. ಇಲ್ಲಿ ಕನ್ನಡ ನನ್ನ ಕೈಹಿಡಿಯಿತು. ಶಾಲೆಯಲ್ಲಿ ಅನುಕರಣಾವ್ಯಯ ಎಂಬ ಪಾಠವಿತ್ತು: ಚಟಚಟ, ಧಗಧಗ, ಸರಸರ. ಎರಡು ಅಂಕದ ಪ್ರಶ್ನೆ. ಐವತ್ತು ವರ್ಷದ ಮೇಲೆ ಅದು ರಿಪೇರಿ ಕೆಲಸಕ್ಕೆ ಒದಗುತ್ತದೆಂದು ನಮ್ಮ ಮೇಷ್ಟರಿಗೂ ಗೊತ್ತಿರಲಿಲ್ಲ. ಕತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕೇಳಿಸಿದ್ದನ್ನೆಲ್ಲ ಹಳೆಯ ಡೈರಿಯೊಂದರಲ್ಲಿ ಬರೆದೆ. ಗೊಳಗೊಳ. ಗುಂಯ್. ಸೊಂಯ್. ಟಪ್ ಟಪ್. ಮರುದಿನ ಫೋನಿನಲ್ಲಿ ಓದಿದೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ಹುಡುಗ ಒಂದೇ ಸಲಕ್ಕೆ ಹೇಳಿದ: “ಗೊಳಗೊಳ ಪೈಪು. ಗುಂಯ್ ಪಂಪು. ಸೊಂಯ್ ಸ್ಕಿಮ್ಮರ್. ಟಪ್ ಟಪ್ ನೀನೇ ಹುಡುಕು.”

ಮೊದಲು ಗೊಳಗೊಳ, ಏಕೆಂದರೆ ಮನೆ ತುಂಬ ಅದೇ. ಯಾರೋ ಪಕ್ಕದ ಕೋಣೆಯಲ್ಲಿ ಬಾಯಿ ಮುಕ್ಕಳಿಸುತ್ತಲೇ ಇದ್ದಂತೆ. ಇದನ್ನು ನೀರಿನ ಸದ್ದು ಎಂದೇ ನಾನು ತಿಳಿದಿದ್ದೆ. ಅಲ್ಲ. ನೀರಿಗೆ ಹಾಗೆ ದನಿಯಿಲ್ಲ. ಮಾರ್ಸೆಲ್ ಮಿನ್ನಾರ್ಟ್ ಎಂಬ ಖಗೋಳಜ್ಞ 1933ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ: ಹರಿಯುವ ನೀರು ಹಾಡುವುದು ಅದರಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳಿಂದ. ಗುಳ್ಳೆ ಉಬ್ಬುತ್ತದೆ, ಕುಗ್ಗುತ್ತದೆ, ಗಂಟೆಯಂತೆ ಮಿಡಿಯುತ್ತದೆ. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,260 ಸಲ, ಒಂದು ಸೆಂಟಿಮೀಟರಿನದು 326 ಸಲ. ಗುಳ್ಳೆ ದೊಡ್ಡದಾದಷ್ಟೂ ಶ್ರುತಿ ಕೆಳಗೆ. ನಕ್ಷತ್ರ ನೋಡುವವನು ಗುಳ್ಳೆಗೆ ಕಿವಿಗೊಟ್ಟದ್ದು ನನಗೆ ಬಹಳ ಹಿಡಿಸಿತು.

ಹಾಗಿದ್ದರೆ ಮಾಡಬೇಕಾದ್ದು ನೀರನ್ನು ತಡೆಯುವುದಲ್ಲ, ನೀರಿನಿಂದ ಗಾಳಿಯನ್ನು ಬೇರೆ ಮಾಡುವುದು. ಹೂಜಿ ಬಗ್ಗಿಸಿದಾಗ ಗೊಳಕ್ ಗೊಳಕ್ ಎನ್ನುತ್ತದಲ್ಲ, ನೀರು ಹೊರಗೆ ಬರುವ ದಾರಿಯಲ್ಲೇ ಗಾಳಿ ಒಳಗೆ ನುಗ್ಗಬೇಕು, ಇಬ್ಬರಿಗೂ ಒಂದೇ ಬಾಗಿಲು. ನಮ್ಮ ಪೈಪಿನೊಳಗೂ ಅದೇ ತಳ್ಳಾಟ. ಇದಕ್ಕೆ ಎರಡು ಮದ್ದು. ಪೈಪಿನ ತುದಿಗೆ ‘ಟಿ’ ಕೂಡಿಸಿ, ಮೇಲಿನ ಮುಚ್ಚಳಕ್ಕೆ ಒಂದು ಸಣ್ಣ ತೂತು ಕೊರೆದು ಗಾಳಿಗೆ ಬೇರೆ ಕಿಟಕಿ ಮಾಡಿಕೊಡುವುದು ಒಂದು. ಅಮೆರಿಕದ ಡರ್ಸೊ ಎಂಬ ಹವ್ಯಾಸಿಯ ಹೆಸರಿನಲ್ಲಿ ಅದು ಪ್ರಸಿದ್ಧ. ಮಾಡಿ ನೋಡಿದೆ, ಗೊಳಗೊಳ ಹೋಗಿ ಬುಸ್ ಎನ್ನತೊಡಗಿತು. ಇನ್ನೊಂದು, ಪೈಪಿನೊಳಕ್ಕೆ ಗಾಳಿಯೇ ಹೋಗದಂತೆ ಮಾಡುವುದು. ಪೈಪು ಪೂರ್ತಿ ನೀರಿನಿಂದಲೇ ತುಂಬಿ ಹರಿದರೆ ಗುಳ್ಳೆಗೆ ಜಾಗವೆಲ್ಲಿ? ಅದಕ್ಕೆ ಪೈಪಿನ ಕೆಳತುದಿಯಲ್ಲಿ ಗೇಟ್ ವಾಲ್ವ್ ಕೂರಿಸಬೇಕು.

ಬೀದಿಯ ಕೊನೆಯ ಅಂಗಡಿಯ ಪ್ಲಂಬರ್ ಬಂದ. ತೊಟ್ಟಿಯನ್ನು ಸುತ್ತ ನೋಡಿ, “ಸಾರ್, ಇಷ್ಟು ಸಣ್ಣ ಪೈಪ್‌ಗೆ ಗೇಟ್ ವಾಲ್ವ್ ಯಾರೂ ಹಾಕಲ್ಲ, ಬಾಲ್ ವಾಲ್ವ್ ಹಾಕ್ತೀನಿ” ಎಂದ. ಬಾಲ್ ವಾಲ್ವ್ ಕಾಲು ಸುತ್ತಿಗೆ ಪೂರ್ತಿ ತೆರೆದು ಮುಚ್ಚುವ ಜಾತಿ. ಇಲ್ಲಿ ಬೇಕಾದದ್ದು ರೇಡಿಯೊ ಸ್ಟೇಷನ್ ಹಿಡಿಯುವಂಥ ಕೈ. ಹಟ ಹಿಡಿದು ಗೇಟ್ ವಾಲ್ವನ್ನೇ ಹಾಕಿಸಿದೆ. ಅದರ ಪಕ್ಕದಲ್ಲಿ ಎರಡನೆಯ ಪೈಪೊಂದನ್ನು, ಬಾಯಿ ಸ್ವಲ್ಪ ಎತ್ತರದಲ್ಲಿಟ್ಟು, ಖಾಲಿ ಬಿಟ್ಟೆವು. ಮೊದಲನೆಯದಕ್ಕೆ ಬಸವನಹುಳುವೋ ಪಾಚಿಯೋ ಅಡ್ಡ ಸಿಕ್ಕಿಕೊಂಡರೆ ನೀರು ಇದರಲ್ಲಿ ಇಳಿಯಲಿ ಎಂದು. ಇದರಲ್ಲಿ ಉಳಿತಾಯ ಮಾಡಲು ಹೋಗಬಾರದು. ಮಾಡಿದವರ ಮನೆಯ ಸಮುದ್ರ ಕೆಳಮನೆಯ ಛಾವಣಿಯಿಂದ ಇಳಿಯುತ್ತದೆ.

ಆ ರಾತ್ರಿ ಹನ್ನೊಂದಕ್ಕೆ ಕಪಾಟಿನ ಮುಂದೆ ಮಂಡಿಯೂರಿ ವಾಲ್ವಿನ ಕಿವಿ ಹಿಂಡತೊಡಗಿದೆ. ಒಂದು ಎಳ್ಳಿನಷ್ಟು ತಿರುಗಿಸುವುದು, ಐದು ನಿಮಿಷ ಕಾಯುವುದು. ಮೇಲೆ ನೀರಿನ ಮಟ್ಟ ನಿಧಾನವಾಗಿ ಏರುತ್ತದೆ, ಪೈಪು ಒಂದೆರಡು ಸಲ ಗೊರಕ್ ಎನ್ನುತ್ತದೆ, ಹೊಟ್ಟೆಯೊಳಗಿನ ಗಾಳಿಯನ್ನೆಲ್ಲ ಸಂಪಿಗೆ ಕಾರುತ್ತದೆ. ಹನ್ನೆರಡೂವರೆಗೆ ಸದ್ದು ನಿಂತಿತು. ಕಡಿಮೆಯಾದದ್ದಲ್ಲ, ನಿಂತಿತು. ನೀರು ಹೋಗುತ್ತಿದೆಯೋ ಇಲ್ಲವೋ ಎಂದು ಪೈಪನ್ನು ಮುಟ್ಟಿ ನೋಡಿದೆ. ನಾಡಿಯಂತೆ ಹರಿಯುತ್ತಿತ್ತು.

ಎದ್ದು ನಿಂತು ನಡು ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಗುಂಯ್ ಕೇಳಿಸಿತು. ಇಷ್ಟು ದಿನ ಗೊಳಗೊಳದ ಹಿಂದೆ ಅಡಗಿ ಕೂತಿದ್ದದ್ದು ಈಗ ಸಭಾಂಗಣವೇ ತನ್ನದೆಂಬಂತೆ ಎದ್ದು ನಿಂತಿತ್ತು. ಕಚೇರಿಯಲ್ಲೂ ಹೀಗೇ ಆಗುತ್ತಿತ್ತು. ಜೋರಾಗಿ ಮಾತಾಡುವ ಮ್ಯಾನೇಜರ್ ವರ್ಗವಾಗಿ ಹೋದ ಮೇಲೆಯೇ ಹೆಡ್‌ಕ್ಲರ್ಕ್ ದಿನವಿಡೀ ಗೊಣಗುತ್ತಿದ್ದದ್ದು ನಮಗೆ ತಿಳಿದದ್ದು.

ಗುಂಯ್ ಪಂಪಿನದು. ನಮ್ಮ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವಂಥದ್ದು; ಅದರ ತಾಳಕ್ಕೆ ಪಂಪಿನ ಒಳಗಿನ ಕಬ್ಬಿಣವೂ ಅಷ್ಟೇ ಸಲ ನಡುಗುತ್ತದೆ. ಪಂಪು ಒಂದೇ ಆದರೆ ಅಷ್ಟು ಕೇಳಿಸದು. ಅದು ಸಂಪಿನ ಗಾಜಿಗೆ ತಾಗಿ, ಗಾಜು ಪ್ಲೈವುಡ್ಡಿಗೆ ತಾಗಿ, ಇಡೀ ಕಪಾಟು ತಂಬೂರಿಯ ಬುರುಡೆಯಾಗುತ್ತದೆ. ಆದ್ದರಿಂದ ತಂತಿಯನ್ನೂ ಬುರುಡೆಯನ್ನೂ ಬೇರೆ ಮಾಡಬೇಕು. ಪಂಪಿನ ಅಡಿಗೆ ಸಿಲಿಕೋನ್ ಹಾಳೆ ಹಾಕಿದೆ. ಪಂಪಿನಿಂದ ಮೇಲೆ ಹೋಗುವ ಬಿರುಸು ಪಿವಿಸಿ ಪೈಪಿನ ನಡುವೆ ಒಂದು ಗೇಣು ಮೆತ್ತನೆಯ ಸಿಲಿಕೋನ್ ಕೊಳವೆ ಸೇರಿಸಿದೆ. ಪೈಪು ಮರಕ್ಕೆ ತಾಗುವ ಕಡೆಯೆಲ್ಲ ರಬ್ಬರ್ ತುಂಡು ಬೇಕಾಯಿತು; ಅಂಗಡಿ ಮುಚ್ಚಿತ್ತು, ಬಚ್ಚಲುಮನೆಯಲ್ಲಿ ಹವಾಯಿ ಚಪ್ಪಲಿ ಕಂಡಿತು. ರಬ್ಬರನ್ನು ಉಪ್ಪುನೀರಿನೊಳಗೆ ಇಡಬಾರದೆಂದು ಮಗ ಎಚ್ಚರಿಸಿದ್ದ, ಹಾಗಾಗಿ ಒಣ ಜಾಗಕ್ಕೆ ಮಾತ್ರ ಬಳಸಿದೆ. ಈ ವಿವೇಕವನ್ನು ಹೆಂಡತಿ ಮೆಚ್ಚಲಿಲ್ಲ. ಅವಳ ಪ್ರಶ್ನೆ ಉಳಿದ ಒಂದು ಚಪ್ಪಲಿಯ ಬಗ್ಗೆ ಇತ್ತು.

ಪಂಪಿನ ಹೊಟ್ಟೆಯಲ್ಲಿ ಸುಣ್ಣದ ಪೊರೆಯೂ ಕಟ್ಟಿತ್ತು. ಕುಕ್ಕರಿನ ತಳದಲ್ಲಿ ಕಟ್ಟುವಂಥದ್ದೇ. ಅರ್ಧ ವಿನೆಗರ್, ಅರ್ಧ ನೀರಿನಲ್ಲಿ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಚೊಕ್ಕವಾಗುತ್ತದೆ. ಯಾವ ಪಾತ್ರೆಯಲ್ಲಿ ನೆನೆಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇನ್ನು ಸೊಂಯ್. ಸ್ಕಿಮ್ಮರ್ ಎಂಬ ಸಾಧನ ನೀರಿಗೆ ಸಣ್ಣ ಸಣ್ಣ ಗುಳ್ಳೆ ಬೆರೆಸಿ, ಆಲೆಮನೆಯಲ್ಲಿ ಕಬ್ಬಿನಹಾಲು ಕುದಿಯುವಾಗ ಕೊಳೆನೊರೆ ತೆಗೆದಂತೆ, ಮೀನಿನ ಕೊಳೆಯನ್ನು ನೊರೆಯಾಗಿ ಎತ್ತುತ್ತದೆ. ಅದು ಗಾಳಿ ಎಳೆದುಕೊಳ್ಳುವ ಕೊಳವೆಯ ತುದಿಗೆ ಸ್ಪಂಜು ತುಂಬಿದ ಸಣ್ಣ ಡಬ್ಬಿ ಕಟ್ಟಿದೆ, ಸ್ಕೂಟರಿನ ಸೈಲೆನ್ಸರ್ ಇದ್ದ ಹಾಗೆ. ಹತ್ತು ನಿಮಿಷದ ಕೆಲಸ.

ಟಪ್ ಟಪ್ ಮಾತ್ರ ನನ್ನನ್ನು ಬಹಳ ಹಿಂದಕ್ಕೆ ಕರೆದುಕೊಂಡು ಹೋಯಿತು.

ತೀರ್ಥಹಳ್ಳಿ ಕಡೆಯ ನಮ್ಮ ಹೆಂಚಿನ ಮನೆ ಜೂನಿನಿಂದ ಸೆಪ್ಟೆಂಬರಿನವರೆಗೆ ಸೋರುತ್ತಿತ್ತು. ಮಂಗ ಓಡಾಡಿ ಜಾರಿಸಿದ ಹೆಂಚುಗಳ ಕೆಳಗೆಲ್ಲ ಪಾತ್ರೆ: ನಡುಮನೆಯಲ್ಲಿ ಹಿತ್ತಾಳೆ ಬೋಗುಣಿ, ಜಗಲಿಯಲ್ಲಿ ಬಕೆಟ್ಟು, ನನ್ನ ಹಾಸಿಗೆಯ ಪಕ್ಕ ಒಂದು ಅಲ್ಯೂಮಿನಿಯಂ ತಪಲೆ. ಹೊರಗಿನ ಜಡಿಮಳೆ ಜೋಗುಳವಾಗುತ್ತಿತ್ತು, ಆದರೆ ತಪಲೆಗೆ ಬೀಳುವ ಒಂದು ಹನಿ ನಿದ್ದೆ ಮಾಡಗೊಡುತ್ತಿರಲಿಲ್ಲ. ಮಳೆಗೆ ತಾಳವಿಲ್ಲ, ಹನಿಗೆ ಇದೆ. ಒಂದು ಬಿದ್ದ ಮೇಲೆ ಮುಂದಿನದಕ್ಕೆ ಕಿವಿ ಕಾಯುತ್ತದೆ.

ಕೇಂಬ್ರಿಜ್‌ನ ಅನುರಾಗ್ ಅಗರ್‌ವಾಲ್ ಎಂಬ ಎಂಜಿನಿಯರರಿಗೂ ಇದೇ ಗತಿ ಒದಗಿತ್ತು. ಬ್ರೆಜಿಲ್‌ನಲ್ಲಿ ಸ್ನೇಹಿತರ ಮನೆಯಲ್ಲಿ ತಂಗಿದ್ದಾಗ ಸೋರುವ ಛಾವಣಿಯಿಂದ ಬಕೆಟ್ಟಿಗೆ ಬೀಳುವ ಹನಿ ಅವರನ್ನು ಎಚ್ಚರವಾಗಿಟ್ಟಿತು. ಹಿಂದಿರುಗಿ, ಜೊತೆಗಾರರೊಂದಿಗೆ ವೇಗದ ಕ್ಯಾಮೆರಾ ಇಟ್ಟು ಹನಿಯನ್ನು ನೋಡಿದರು. 2018ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಹನಿ ನೀರಿಗೆ ಬಡಿಯುವುದರಿಂದ ಸದ್ದು ಬರುವುದಲ್ಲ. ಬಡಿದ ಮೇಲೆ ಕೆಳಗೆ ಸಿಕ್ಕಿಬೀಳುವ ಒಂದು ಪುಟ್ಟ ಗುಳ್ಳೆ ಮಿಡಿದು, ನೀರಿನ ಮೇಲ್ಮೈಯನ್ನೇ ಮಿಡಿಸುತ್ತದೆ. ಇಲ್ಲೂ ಗುಳ್ಳೆಯೇ. ಪರಿಹಾರವನ್ನೂ ಹೇಳಿದ್ದಾರೆ: ಬಕೆಟ್ಟಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿ, ಗುಳ್ಳೆ ಹುಟ್ಟುವುದಿಲ್ಲ. ಮೀನಿರುವ ಮನೆಯಲ್ಲಿ ಈ ಸಲಹೆಯನ್ನು ಪಾಲಿಸುವಂತಿಲ್ಲ.

ನಮ್ಮಮ್ಮ ಸೋಪು ಹಾಕುತ್ತಿರಲಿಲ್ಲ. ಹಗ್ಗದ ಮಂಚದ ಮೇಲೆ ಹತ್ತಿ, ಹನಿ ಬೀಳುವ ರೀಪಿನ ಮೊನೆಗೆ ಒಂದು ದಾರ ಕಟ್ಟಿ ತಪಲೆಯ ತಳದವರೆಗೆ ಇಳಿಬಿಡುತ್ತಿದ್ದಳು. ಹನಿ ದಾರ ಹಿಡಿದು ಜಾರುತ್ತಿತ್ತು. ಟಪ್ ಇಲ್ಲ. ಬೆಳಗ್ಗೆ ನೋಡಿದರೆ ತಪಲೆ ತುಂಬಿರುತ್ತಿತ್ತು, ಯಾರಿಗೂ ಗೊತ್ತಾಗದ ಹಾಗೆ. ನಾನು ಟಾರ್ಚು ಹಿಡಿದು ಹುಡುಕಿದಾಗ ಸಂಪಿನ ಮೇಲೆ ಒಂದು ಪೈಪಿನ ಗಂಟಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಹೊಲಿಗೆ ಡಬ್ಬಿಯಿಂದ ನೈಲಾನ್ ದಾರ ತೆಗೆದು ಕಟ್ಟಿದೆ. ಆ ಗಂಟನ್ನು ಪ್ಲಂಬರ್ ಆಮೇಲೆ ಬಿಗಿ ಮಾಡಿದ. ದಾರವನ್ನು ಮಾತ್ರ ನಾನು ಬಿಚ್ಚಿಲ್ಲ.

ಆ ಮಳೆಗಾಲದಲ್ಲಿ ಕುಂದಾಪುರದಿಂದ ಅತ್ತೆ ಬಂದರು. ಹಾಲ್‌ನಲ್ಲೇ ಹಾಸಿಗೆ ಹಾಸಿದೆವು. ಸದ್ದಾದರೆ ಹೇಳಿ ಎಂದು ನಾನು ಎರಡು ಸಲ ಹೇಳಿದೆ. “ಎಂತ ಸದ್ದು ಅಳಿಯಂದ್ರೆ? ಆಸಾಡಿಯಲ್ಲಿ ನಮ್ಮ ಮನೆಗೆ ಬನ್ನಿ, ಕಡಲು ಕೂಗುದು ಎಂತ ಅಂತ ಗೊತ್ತಾಗ್ತದೆ. ಇದು ಕಡಲಾ? ಇದಕ್ಕೆ ಬಾಯೇ ಇಲ್ಲ” ಎಂದು ಮಗ್ಗುಲಾಗಿ ಮಲಗಿಬಿಟ್ಟರು. ಎರಡು ತಿಂಗಳ ನನ್ನ ದುಡಿಮೆಗೆ ಸಿಕ್ಕ ಏಕೈಕ ಪ್ರಶಸ್ತಿಪತ್ರ ಅದು. ಬೆಳಗ್ಗೆ ಅವರು ಕಾಫಿ ಕುಡಿಯುತ್ತಾ ಹೇಳಿದ್ದು ಬೇರೆ: “ನಡುರಾತ್ರಿ ಎಂತದೋ ಟಕ್ ಅಂತು. ಗಾಜು ಒಡೀತಾ ಅಂತ ನೋಡಿ.”

ನನ್ನ ಕಾಫಿ ಗಂಟಲಲ್ಲೇ ನಿಂತಿತು. ಸಮುದ್ರದ ನೀರು ಸಿಹಿನೀರಿಗಿಂತ ತೂಕ ಜಾಸ್ತಿ. 300 ಲೀಟರಿಗೆ 307 ಕಿಲೋ. ಅದನ್ನೆಲ್ಲ ಹಿಡಿದು ನಿಲ್ಲಿಸಿರುವುದು ಗಾಜು ಮತ್ತು ಸಿಲಿಕೋನ್ ಅಂಟು. ಕೆಳಗಿನ ಮನೆಯವರು ಹೋದ ವರ್ಷವಷ್ಟೇ ಫಾಲ್ಸ್ ಸೀಲಿಂಗ್ ಮಾಡಿಸಿದ್ದರು. ಅಂದು ರಾತ್ರಿ ನಾನೂ ಹೆಂಡತಿಯೂ ಕುರ್ಚಿ ಹಾಕಿಕೊಂಡು ಕೂತೆವು. ಒಂದೂವರೆಗೆ ಬಂತು: ಟಕ್. ಬೆರಳು ಚಿಟಿಕೆ ಹೊಡೆದದ್ದಲ್ಲ. ಗಾಜಿನ ಲೋಟ ಬಿಸಿಹಾಲಿಗೆ ಬಿರಿದಂತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಗಾಜಿನ ನಾಲ್ಕು ಮೂಲೆಗೂ ಉಗುರು ಆಡಿಸಿ ನೋಡಿದೆವು. ಹೆಂಡತಿ ದೇವರ ಗೂಡಿನ ಕಡೆ ತಿರುಗಿದಳು, ನಾನು ಪುಣೆಗೆ ಫೋನು ಮಾಡಿದೆ.

“ಅಪ್ಪಾ, ಇಷ್ಟು ಹೊತ್ತಲ್ಲಿ...” ಎಂದು ಶುರು ಮಾಡಿದವನು ಟಕ್ ಎಂದು ನಾನು ಹೇಳಿದ ಕೂಡಲೇ ನಗತೊಡಗಿದ. “ಅಯ್ಯೋ, ಅದಿನ್ನೂ ಬದುಕಿದೆಯಾ?”

ಗೋಬಿಯನ್ನು ತಂದಾಗ ಅಂಗಡಿಯವನು ಜೋಡಿಯಾಗಿ ಒಂದು ಪಿಸ್ತೂಲು ಸೀಗಡಿಯನ್ನೂ ಕೊಟ್ಟಿದ್ದನಂತೆ. ಬಂದ ದಿನವೇ ಅದು ಕಲ್ಲಿನ ಅಡಿಗೆ ಬಿಲ ತೋಡಿ ಕಣ್ಮರೆಯಾಯಿತು, ಸತ್ತಿರಬೇಕೆಂದು ಮಗ ಮರೆತುಬಿಟ್ಟಿದ್ದ. ಈ ಸೀಗಡಿಗೆ ಕಣ್ಣು ಮಂದ, ಬಿಲ ತೋಡುವುದರಲ್ಲಿ ಜಾಣ. ಗೋಬಿಗೆ ಕಣ್ಣು ಚುರುಕು, ತೋಡಲು ಬಾರದು. ಸೀಗಡಿ ತನ್ನ ಮೀಸೆಯನ್ನು ಗೋಬಿಯ ಬಾಲದ ಮೇಲಿಟ್ಟುಕೊಂಡು ಕೆಲಸ ಮಾಡುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅಲ್ಲಾಡಿಸುತ್ತದೆ, ಇಬ್ಬರೂ ಒಳಗೆ. ಗೋಬಿ ಯಾವಾಗಲೂ ಅದೇ ಕಲ್ಲಿನ ಬಳಿ ಸುಮ್ಮನೆ ಕೂತಿರುವುದನ್ನು ನೋಡಿ ಸೋಮಾರಿ ಎಂದು ನಾನು ಬೈದುಕೊಂಡಿದ್ದೆ. ಅದು ಡ್ಯೂಟಿಯಲ್ಲಿತ್ತು.

ಟಾರ್ಚಿಗೆ ಕೆಂಪು ಕಾಗದ ಸುತ್ತಿ ಕಾದೆವು. ಎರಡು ಗಂಟೆಯ ಹೊತ್ತಿಗೆ ಬಿಲದ ಬಾಯಲ್ಲಿ ಬಂತು, ಕಿರುಬೆರಳಿನಷ್ಟು. ಒಂದು ಕೊಂಡಿ ಸಣ್ಣದು, ಇನ್ನೊಂದು ಮೈಗೆ ಹೊಂದದಷ್ಟು ದೊಡ್ಡದು. ಆ ದೊಡ್ಡದನ್ನು ಅದು ಎಷ್ಟು ಬೇಗ ಮುಚ್ಚುತ್ತದೆಂದರೆ ನೀರಿನ ಒಂದು ಜೆಟ್ ಚಿಮ್ಮಿ, ಅದರ ಬೆನ್ನಿಗೆ ಒಂದು ಗುಳ್ಳೆ ಹುಟ್ಟುತ್ತದೆ. ಟಕ್ ಎನ್ನುವುದು ಕೊಂಡಿ ಕೊಂಡಿಗೆ ತಾಗಿದ್ದಲ್ಲ, ಆ ಗುಳ್ಳೆ ಕುಸಿದದ್ದು ಎಂದು 2000ನೇ ಇಸವಿಯಲ್ಲಿ ವಿಜ್ಞಾನಿಗಳು ತೋರಿಸಿದರು; ಕುಸಿಯುವ ಕ್ಷಣದಲ್ಲಿ ಅದರೊಳಗಿನ ಶಾಖ 5,000 ಕೆಲ್ವಿನ್ ಮುಟ್ಟುತ್ತದೆಂದು ಮರುವರ್ಷ ಲೆಕ್ಕ ಹಾಕಿದರು. ಅಂತೂ ಗೊಳಗೊಳವೂ ಗುಳ್ಳೆ, ಟಪ್ಪೂ ಗುಳ್ಳೆ, ಟಕ್ಕೂ ಗುಳ್ಳೆ. ಇಂಥ ಸೀಗಡಿಗಳ ಹಿಂಡು ಎರಡನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗೆ ಕಿವಿಗೊಟ್ಟು ಕೂತ ನೌಕಾಪಡೆಯವರ ತಲೆ ಕೆಡಿಸಿತ್ತು. ನಮ್ಮ ಕ್ಲೌನ್ ಮೀನಿನ ದಾಯಾದಿಗಳೂ ಹಲ್ಲು ಕಟಕಟಿಸಿ ಜಗಳವಾಡುತ್ತವೆಂದು 2007ರಲ್ಲಿ ಗೊತ್ತಾಗಿದೆ. ಕುಸ್ಟೋ ಎಂಬ ಚಿತ್ರನಿರ್ದೇಶಕರು ಸಮುದ್ರದೊಳಗಿನ ಬದುಕಿನ ಬಗ್ಗೆ ತೆಗೆದು 1956ರಲ್ಲಿ ಕ್ಯಾನ್ಸ್‌ನ ದೊಡ್ಡ ಪ್ರಶಸ್ತಿ ಪಡೆದ ಚಿತ್ರದ ಹೆಸರು ‘ಮೌನ ಜಗತ್ತು’ ಅಂತೆ. ಒಂದು ರಾತ್ರಿ ನಮ್ಮ ಹಾಲ್‌ನಲ್ಲಿ ಮಲಗಿದ್ದರೆ ಅವರು ಬೇರೆ ಹೆಸರು ಹುಡುಕುತ್ತಿದ್ದರು.

“ಬೇಕಾದ್ರೆ ಹಿಡಿದು ಅಂಗಡಿಗೇ ವಾಪಸ್ ಕೊಟ್ಟುಬಿಡು” ಎಂದ ಮಗ. ಹಿಡಿಯಬೇಕೆಂದರೆ ಎಲ್ಲ ಕಲ್ಲು ಎತ್ತಬೇಕು, ಅರ್ಧ ಸಮುದ್ರ ಬಸಿಯಬೇಕು. ಹೆಂಡತಿಯನ್ನು ಕೇಳಿದೆ. “ಕಣ್ಣು ಕಾಣದ್ದು, ಅದರ ಪಾಡಿಗೆ ಅದಿರಲಿ. ಪಂಪಿನ ಸದ್ದೇನಲ್ಲವಲ್ಲ” ಎಂದಳು. ಮೊಬೈಲು ಈಗ ದಿಂಬಿನ ಮೇಲೆ 32 ತೋರಿಸುತ್ತದೆ. ಉಳಿದದ್ದರಲ್ಲಿ ಫ್ರಿಜ್ಜಿನ ಪಾಲೆಷ್ಟು, ಗೋಡೆಗಡಿಯಾರದ್ದೆಷ್ಟು ಎಂದು ನಾನು ಡೈರಿಯಲ್ಲಿ ಬರೆಯಲು ಹೊರಟಾಗ ಡೈರಿಯನ್ನು ಅವಳು ಎತ್ತಿಟ್ಟಳು.

ನೀವು ಬನಶಂಕರಿ ಕಡೆ ಬಂದರೆ ನಮ್ಮಲ್ಲೇ ಉಳಿದುಕೊಳ್ಳಿ, ಹಾಲ್‌ನಲ್ಲಿ ಹಾಸಿಗೆಯಿದೆ. ನಡುರಾತ್ರಿ ಟಕ್ ಎಂದರೆ ಏಳಬೇಡಿ, ಏನೂ ಒಡೆದಿಲ್ಲ. ಕಪಾಟಿನೊಳಗಿನ ಗೇಟ್ ವಾಲ್ವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ.